ಮಕ್ಕಳ ರಾತ್ರಿ ಊಟ ಬೇಯುವುದು ಭತ್ತದ ಹೊಟ್ಟಿನ ಟ್ರಂಕಿನಲ್ಲಿ

ನಮ್ಮ ಮನೆಯಲ್ಲಿ ಸಂಜೆ ಆರರಿಂದ ಏಳೂವರೆಯವರೆಗಿನ ಹೊತ್ತು ಬಹಳ ಕಷ್ಟದ್ದು. ಹೆಂಡತಿ ಕೆಲಸಕ್ಕೆ ಕೊಪ್ಪಳಕ್ಕೆ ಹೋಗಿ ಬರುತ್ತಾಳೆ. ಬಸ್ಸು ಇಳಿದು ಗಂಗಾವತಿಯ ಮನೆ ಮುಟ್ಟುವಾಗ ಏಳೂವರೆ. ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಗದ್ದೆಗೆ ನೀರೆತ್ತುವ ಪಂಪುಗಳೇ ಜಾಸ್ತಿ ಬರುತ್ತವೆ. ಆರಕ್ಕೆ ಶಟರ್ ಎಳೆದು ಅವ್ವನ ಮನೆಯಿಂದ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಮಗಳಿಗೆ ಆರು ವರ್ಷ, ಮಗನಿಗೆ ಎರಡೂವರೆ.

ಬೀಗ ತೆಗೆಯುವುದರೊಳಗೆ "ಅಪ್ಪಾ, ಹಸಿವ್ಯಾಗೈತಿ" ಶುರು. ಬೇಳೆ ತೊಳೆದು, ಕುಕ್ಕರ್ ಇಟ್ಟು, ಅದು ಕೂಗಿ, ತಣಿಯುವವರೆಗೆ ಅವರು ಕಾಯುವುದಿಲ್ಲ. ಬಿಸ್ಕತ್ತು ಕೊಟ್ಟರೆ ಊಟದ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಕೊಡದಿದ್ದರೆ ಸಣ್ಣವ ನನ್ನ ಕಾಲು ಹಿಡಿದು ಒಲೆಯ ಹತ್ತಿರವೇ ನಿಲ್ಲುತ್ತಾನೆ. ಒಂದು ದಿನ ಕಟ್ಟೆಯ ಮೇಲಿನ ಬಿಸಿ ಸೌಟನ್ನು ಎಳೆದುಕೊಂಡ. ಬೇಳೆ ಅವನ ಕೈಯಿಂದ ಎರಡು ಬೆರಳು ಆಚೆ ಬಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳು ಮನೆಯಲ್ಲಿರುವ ಹೊತ್ತಿನಲ್ಲಿ ಒಲೆ ಉರಿಯುವುದನ್ನು ಆದಷ್ಟು ಕಡಿಮೆ ಮಾಡಬೇಕು ಎಂದು ತೀರ್ಮಾನಿಸಿದೆ.

ಮಧ್ಯಾಹ್ನ ಒಂದೂವರೆಗೆ ನಾನು ಊಟಕ್ಕೆ ಮನೆಗೆ ಬರುತ್ತೇನೆ. ಆಗ ಮನೆ ಖಾಲಿ. ಬೆಂಕಿಯ ಕೆಲಸವನ್ನು ಆಗಲೇ ಮುಗಿಸಬಹುದು, ಅಲ್ವಾ? ಹಾಗೆಂದು ಮೇ ತಿಂಗಳಲ್ಲಿ ಒಂದು ವಾರ ಮಧ್ಯಾಹ್ನವೇ ಕುಕ್ಕರ್‌ನಲ್ಲಿ ಬೇಳೆ ಬೇಯಿಸಿಟ್ಟು ಹೋದೆ. ನಮ್ಮ ಊರಿನ ಬಿಸಿಲಿಗೆ ಸಂಜೆ ಮುಚ್ಚಳ ತೆಗೆದರೆ ಎರಡು ಸಲ ಹಳಸಿದ ವಾಸನೆ ಬಂತು. ಬೇಯಿಸಿದ್ದು ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಕೆಡುವುದಿಲ್ಲ, ಆದರೆ ಅದು ತಣಿಯುವವರೆಗೆ ಕಾದು ಒಳಗಿಡಲು ಮಧ್ಯಾಹ್ನ ನನಗೆ ಹೊತ್ತಿಲ್ಲ.

ಹಾಗಾದರೆ ಉಳಿದ ದಾರಿ ಒಂದೇ. ಕುದಿಯುವ ಪಾತ್ರೆಯನ್ನು ಸಂಜೆಯವರೆಗೂ ಬಿಸಿಯಾಗಿಯೇ ಇಡಬೇಕು. ಬೆಂಕಿ ಇಲ್ಲದೆ, ಕರೆಂಟ್ ಇಲ್ಲದೆ. ಮಹಾಯುದ್ಧಗಳ ಕಾಲದಲ್ಲಿ ಸೌದೆ, ಕಲ್ಲಿದ್ದಲು ಉಳಿಸಲು ಯುರೋಪಿನ ಮನೆಗಳಲ್ಲಿ ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕುದಿಯುವ ಪಾತ್ರೆ ಇಟ್ಟು ಅಡುಗೆ ಮಾಡುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಮೋಟಾರಿನಲ್ಲಿ ಕರೆಂಟ್ ಸೋರದಂತೆ ನೋಡಿಕೊಳ್ಳುವುದು ನನ್ನ ಕಸುಬು. ಬಿಸಿ ಸೋರದಂತೆ ಮಾಡುವುದೂ ಬರಬೇಕು ಅನ್ನಿಸಿತು.

ಮೊದಲ ಪೆಟ್ಟಿಗೆ, ಒಂದೇ ದಿನಕ್ಕೆ ಮುಗಿಯಿತು

ಸುಲಭವಾಗಿ ಸಿಕ್ಕಿದ್ದು ಥರ್ಮಾಕೋಲ್ ಡಬ್ಬಿ. ಕುದಿಯುವ ಪಾತ್ರೆಯನ್ನು ಒಂದು ಬಟ್ಟೆ ಸುತ್ತಿ ಅದರೊಳಗೆ ಇಟ್ಟೆ. ಸಂಜೆ ನೋಡಿದರೆ ಡಬ್ಬಿಯ ತಳ ಕುಳಿ ಬಿದ್ದಿತ್ತು. ಪಾತ್ರೆಗೆ ಪ್ಲಾಸ್ಟಿಕ್ ವಾಸನೆ ಅಂಟಿತ್ತು. ಥರ್ಮಾಕೋಲ್ ತಂಪು ಸಾಮಾನಿಗೆ ಒಳ್ಳೆಯದು, ಕುದಿಯುವ ಪಾತ್ರೆಯ ಬಿಸಿ ಅದಕ್ಕೆ ತಡೆಯುವುದಿಲ್ಲ. ಆ ಅನ್ನ ಬೇಳೆಯನ್ನು ಮಕ್ಕಳಿಗೆ ಕೊಡಲಿಲ್ಲ. ಅಂಗಡಿಯಲ್ಲಿರುವ ಇನ್ಸುಲೇಷನ್ ಪೇಪರ್, ವಾರ್ನಿಷ್ ಹಚ್ಚಿದ ಬಟ್ಟೆ ಇವುಗಳನ್ನು ಅಡುಗೆಮನೆಗೆ ತರಲೇಬಾರದು ಎಂದು ಮೊದಲೇ ನಿರ್ಧರಿಸಿದ್ದೆ. ಗಾಜಿನ ಎಳೆಗಳ ಗ್ಲಾಸ್ ವುಲ್ ಕೂಡ ಬೇಡ. ಅದರ ಎಳೆ ಉದುರಿ ಕೈಗೆ ಕೆರೆತ, ಉಸಿರಿಗೆ ತೊಂದರೆ.

ಅವ್ವನಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಅವಳು ಕೇಳಿದಳು. "ನಮ್ಮೂರಾಗ ಭತ್ತದ ಹೊಟ್ಟಿಗೇನ್ ಬರ ಐತೇನಪಾ? ಐಸ್‌ನವ್ರು ಗಡ್ಡಿ ಕರಗಬಾರ್ದಂತ ಹೊಟ್ಟಿನಾಗ ಮುಚ್ಚಿ ಇಡ್ತಿದ್ರು. ತಂಪು ಹಿಡಿಯೂದು ಬಿಸೀನೂ ಹಿಡಿತೈತಿ."

ಅವಳು ಹೇಳಿದ್ದು ಸರಿ. ತಂಪು ಒಳಗೆ ಉಳಿಯುತ್ತದೆ ಎಂದರೆ ಬಿಸಿ ಒಳಗೆ ಬರುತ್ತಿಲ್ಲ ಎಂದರ್ಥ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ಸುತ್ತ ಭತ್ತವೇ ಭತ್ತ. ಎಲ್ಲಿ ನೋಡಿದರೂ ರೈಸ್ ಮಿಲ್. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟೇ ಇರುತ್ತದೆ. ಹೊಟ್ಟಿನ ಪ್ರತಿ ಚಿಪ್ಪು ದೋಣಿಯ ಹಾಗೆ ಬಾಗಿರುವುದರಿಂದ ಒಂದರ ಮೇಲೊಂದು ಕೂತಾಗ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬಿಸಿಯನ್ನು ತಡೆಯುವುದು ಅಲುಗಾಡದ ಆ ಗಾಳಿಯೇ. ಹೊಟ್ಟಿನಲ್ಲಿ ಮರಳಿನಲ್ಲಿರುವಂಥ ಸಿಲಿಕಾ ಜಾಸ್ತಿ, ಹಾಗಾಗಿ ಹುಲ್ಲಿನಂತೆ ಬೇಗ ಕೊಳೆಯುವುದೂ ಇಲ್ಲ.

ಟ್ರಂಕು

ಅಟ್ಟದ ಮೇಲೆ ಅಪ್ಪನ ಕಾಲದ ತಗಡಿನ ಟ್ರಂಕು ಇತ್ತು. 24 ಇಂಚು ಉದ್ದ, 15 ಅಗಲ, 12 ಎತ್ತರ. ಪಾತ್ರೆಗೆ ಮೊದಲು ಕುಕ್ಕರನ್ನೇ ಅಳತೆ ಹಿಡಿದೆ. ಅದರ ಉದ್ದ ಹಿಡಿಕೆಗೆ ದಾರಿ ಬಿಟ್ಟರೆ ಅಲ್ಲಿಂದಲೇ ಬಿಸಿ ಹೋಗುತ್ತದೆ. ಆದ್ದರಿಂದ ಎರಡು ಸಣ್ಣ ಕಿವಿಗಳಿರುವ, ಮುಚ್ಚಳ ಬಿಗಿಯಾಗಿ ಕೂರುವ 3 ಲೀಟರಿನ ಸ್ಟೀಲ್ ಪಾತ್ರೆ ಆರಿಸಿದೆ. ತಳ ದಪ್ಪ ಇರಬೇಕು. ತೆಳು ಪಾತ್ರೆಯಲ್ಲಿ ಕುದಿಸುವಾಗಲೇ ತಳ ಹಿಡಿಯುತ್ತದೆ.

ಮಿಲ್ಲಿನಿಂದ ಒಂದು ಚೀಲ ಹೊಟ್ಟು ತಂದು, ಮಾಳಿಗೆಯ ಮೇಲೆ ಹರಡಿ ಒಂದು ದಿನ ಒಣಗಿಸಿದೆ. ಅಪ್ಪನ ಹಳೆಯ ದೋತರ ಹರಿದು ಆರು ಚೀಲ ಹೊಲಿಸಿದೆ. ತಳಕ್ಕೊಂದು, ಸುತ್ತ ನಾಲ್ಕು, ಮೇಲೊಂದು. ಪಾತ್ರೆಯ ಯಾವ ಬದಿಯಲ್ಲೂ ಹೊಟ್ಟು ನಾಲ್ಕು ಬೆರಳಿಗಿಂತ ತೆಳುವಾಗಬಾರದು ಎಂದು ಲೆಕ್ಕ ಹಾಕಿದ್ದೆ.

ಅಳೆಯದೆ ಮಕ್ಕಳಿಗೆ ಹಾಕುವ ಹಾಗಿರಲಿಲ್ಲ. ಅನ್ನ, ಬೇಳೆ ಕೆಡಿಸುವ ಕ್ರಿಮಿಗಳು ಬೆಳೆಯುವುದು ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ. ಅಂದರೆ ಸಂಜೆ ಪಾತ್ರೆ ತೆಗೆದಾಗಲೂ 60ಕ್ಕಿಂತ ಮೇಲೆಯೇ ಇರಬೇಕು. ವೈರಿನ ತುದಿಯಲ್ಲಿ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ತಂದೆ. ಮಗಳು ಅಂಕಿ ಓದಬಲ್ಲಳು. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮನೆಯಲ್ಲಿ ಬರೆಯುವ ಕೆಲಸ ಅವಳದು. ಈಗಲೂ ಅವಳೇ ಬರೆಯುತ್ತಾಳೆ.

ಮೊದಲ ದಿನ ಬರೀ ನೀರು. 2 ಲೀಟರ್ ಕುದಿಸಿ ಮಧ್ಯಾಹ್ನ 1.40ಕ್ಕೆ ಇಟ್ಟೆ. ಸಂಜೆ 6.10ಕ್ಕೆ 52 ಡಿಗ್ರಿ.

ಸಾಲದು. ಚೀಲಗಳನ್ನು ಹೊರಗೆ ತೆಗೆದು ನೋಡಿದಾಗ ಎರಡು ದೋಷ ಕಂಡವು. ಬದಿಯ ಚೀಲಗಳಲ್ಲಿ ಹೊಟ್ಟು ಕೆಳಗೆ ಕುಸಿದು, ಮೇಲಿನ ಮೂರು ಬೆರಳಿನಷ್ಟು ಬಟ್ಟೆ ಖಾಲಿ ಜೋತಾಡುತ್ತಿತ್ತು. ಮೇಲಿನ ಚೀಲ ತೆಳು, ಟ್ರಂಕಿನ ಮುಚ್ಚಳಕ್ಕೂ ಅದಕ್ಕೂ ನಡುವೆ ಕೈ ಹೋಗುವಷ್ಟು ಜಾಗ. ಬಿಸಿ ಗಾಳಿ ಮೇಲಕ್ಕೇ ಹೋಗುವುದರಿಂದ ಮೇಲಿನ ಹೊದಿಕೆಯೇ ಗಟ್ಟಿಯಾಗಿರಬೇಕಿತ್ತು.

ಚೀಲಗಳಿಗೆ ಇನ್ನಷ್ಟು ಹೊಟ್ಟು ತುರುಕಿದೆ. 63 ಬಂತು. ಐದು ದಿನ ಬಿಟ್ಟು ಅಳೆದರೆ ಮತ್ತೆ 57. ಹೊಟ್ಟು ಮತ್ತೆ ಕುಸಿದಿತ್ತು.

ಇದನ್ನು ಸರಿಮಾಡಿದ್ದು ಅವ್ವ. ಚೀಲ ಕೈಯಲ್ಲಿ ಹಿಡಿದು ನೋಡಿ, "ಕೌದಿ ಹಾಕ್ದಂಗ ಟಾಕಿ ಹಾಕ್ಬೇಕು ನೋಡು, ಇಲ್ಲಾಂದ್ರ ಜಾರತೈತಿ" ಎಂದಳು. ಕೌದಿಯಲ್ಲಿ ಹಳೆ ಸೀರೆಯ ಪದರಗಳು ಒಂದಕ್ಕೊಂದು ಜಾರದಂತೆ ಉದ್ದಕ್ಕೂ ಟಾಕಿ ಓಡಿಸುತ್ತಾರಲ್ಲ, ಹಾಗೆ. ಪ್ರತಿ ಚೀಲವನ್ನು ಒಂದೊಂದು ಗೇಣಿನ ಖಾನೆಗಳಾಗಿ ಅಡ್ಡಡ್ಡ ಹೊಲಿದು, ಖಾನೆ ಖಾನೆಗೂ ಬೇರೆ ಹೊಟ್ಟು ತುಂಬಿದಳು. ಎರಡು ಮಧ್ಯಾಹ್ನದ ಕೆಲಸ. ಮೇಲಿನ ಹೊದಿಕೆಗೆ ಹೊಟ್ಟೇ ಬೇಡ ಎಂದು ಒಂದು ಹಳೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನಂತೆ ಕಟ್ಟಿಕೊಟ್ಟಳು. ಟ್ರಂಕಿನ ಮುಚ್ಚಳ ಒತ್ತಿ ಹಾಕಿದರೆ ಅದು ಪಾತ್ರೆಯ ಮೇಲೆ ಅಪ್ಪಿಕೊಂಡಂತೆ ಕೂರುತ್ತದೆ.

ಮುಂದಿನ ಅಳತೆ 71. ನಾನು ವಾರಗಟ್ಟಲೆ ತಲೆಕೆಡಿಸಿಕೊಂಡಿದ್ದು ಅವಳ ಸೂಜಿಯಲ್ಲಿ ನೇರವಾಯಿತು.

ಆದರೆ ಕೌದಿ ಒದ್ದೆಯಾಗುತ್ತಿತ್ತು. ಮುಚ್ಚಳದ ಸಂದಿಯಿಂದ ಆವಿ ಬರುತ್ತದೆ, ಒದ್ದೆ ಬಟ್ಟೆ ಬಿಸಿಯನ್ನು ಹೊರಗೆ ಬಿಡುತ್ತದೆ. ತಗಡಿನ ಶೀಟಿನ ಕೆಳಗೆ ಹೊಡೆಯುವ ಹೊಳೆಯುವ ಹಾಳೆ ಇರುತ್ತದಲ್ಲ, ಅದರ ತುಂಡೊಂದನ್ನು ಕೌದಿಯ ಹೊರಬದಿಗೆ, ಇನ್ನೊಂದನ್ನು ಟ್ರಂಕಿನ ಒಳಗೋಡೆಗೆ ಹಾಕಿದೆ. ಪಾತ್ರೆಗೆ ತಾಕುವ ಕಡೆ ಒಂದು ದಪ್ಪ ಟವೆಲ್. ಅದನ್ನು ದಿನಾ ತೆಗೆದು ಒಣಹಾಕುತ್ತೇನೆ. ಈಗ 75. ಸುತ್ತಲಿನ ಗಾಳಿಯೇ ಬಿಸಿಯಿರುವ ಏಪ್ರಿಲ್‌ನಲ್ಲಿ 77ರವರೆಗೂ ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾತ್ರೆ ಅರ್ಧ ಮಾತ್ರ ತುಂಬಿದ ದಿನ 61ಕ್ಕೆ ಇಳಿಯಿತು. ಬಿಸಿಯನ್ನು ಹೊತ್ತು ಕೂರುವುದು ಒಳಗಿನ ನೀರು ಮತ್ತು ಕಾಳು. ಅದು ಕಡಿಮೆಯಾದರೆ ಬೇಗ ಆರುತ್ತದೆ. ಹಾಗಾಗಿ ಮುಕ್ಕಾಲು ಪಾತ್ರೆಗಿಂತ ಕಡಿಮೆ ಯಾವತ್ತೂ ಇಡುವುದಿಲ್ಲ. ಉಳಿದದ್ದನ್ನು ರಾತ್ರಿಯೇ ಫ್ರಿಜ್ಜಿಗೆ ಹಾಕಿದರೆ ಮರುದಿನ ಬೆಳಗಿನ ಬುತ್ತಿಗೆ ಆಯಿತು.

ಮಕ್ಕಳು ಇರುವ ಮನೆಯಲ್ಲಿ ಟ್ರಂಕು

ಬೀಗ ಹಾಕುವ ಕೊಂಡಿ, ಚಿಲಕ ಎರಡನ್ನೂ ಮೊದಲೇ ಕತ್ತರಿಸಿ ತೆಗೆದೆ. ಖಾಲಿ ಟ್ರಂಕಿನಲ್ಲಿ ಮಗು ಅಡಗಿಕೊಂಡು, ಮುಚ್ಚಳ ಬಿದ್ದು, ಚಿಲಕ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಯೋಚಿಸಿದರೇ ಎದೆ ಝಲ್ಲೆನ್ನುತ್ತದೆ. ಚೀಲಗಳನ್ನು ತಂತಿಯಿಂದ ಒಳಗೇ ಬಿಗಿದಿರುವುದರಿಂದ ಈಗ ಅದರಲ್ಲಿ ಪಾತ್ರೆಯಷ್ಟು ಜಾಗ ಬಿಟ್ಟು ಬೇರೆ ಜಾಗವಿಲ್ಲ. ಮುಚ್ಚಳ ಧಡ್ಡನೆ ಬಿದ್ದು ಬೆರಳು ಜಜ್ಜದಂತೆ ಎರಡೂ ಬದಿಗೆ ಹಗ್ಗ, ಅಂಚಿಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ. ಈ ಪಟ್ಟಿಯಿಂದ ಮುಚ್ಚಳವೂ ಬಿಗಿಯಾಗಿ ಕೂರುತ್ತದೆ. ಟ್ರಂಕು ಇರುವುದು ನೆಲದ ಮೇಲೆ, ಮೂಲೆಯಲ್ಲಿ. ಹೊರಗಿನ ತಗಡು ಮುಟ್ಟಿದರೆ ಬೆಚ್ಚಗೂ ಇರುವುದಿಲ್ಲ. ಪಾತ್ರೆಯನ್ನು ಒಳಗಿಡುವುದು ಮಕ್ಕಳು ಇಲ್ಲದಾಗ. ತೆಗೆಯುವಾಗ ಸಣ್ಣವನನ್ನು ಅಡುಗೆಮನೆಯ ಹೊಸ್ತಿಲಾಚೆ ಕೂರಿಸಿ ಅಕ್ಕನ ಕೈಗೆ ಕೊಟ್ಟಿರುತ್ತೇನೆ.

ಮೂರನೆಯ ವಾರ ಚೀಲದಿಂದ ಸಣ್ಣ ಕಂದು ಹುಳ ಹೊರಬಂದವು. ಹೊಟ್ಟಿನ ಜೊತೆ ಬಂದ ತೌಡು, ನುಚ್ಚು ಇದಕ್ಕೆ ಕಾರಣ. ಹೊಟ್ಟನ್ನು ಹುಳ ತಿನ್ನುವುದಿಲ್ಲ, ತೌಡನ್ನು ತಿನ್ನುತ್ತದೆ. ಎಲ್ಲ ಬಿಚ್ಚಿ, ಜರಡಿ ಹಿಡಿದು, ಮೊರದಲ್ಲಿ ಕೇರಿ, ಎರಡು ದಿನ ಬಿಸಿಲಿಗೆ ಹಾಕಿ ಮತ್ತೆ ತುಂಬಬೇಕಾಯಿತು. ಮೊದಲೇ ಕೇರಿದ್ದರೆ ಅವ್ವ ಎರಡು ಸಲ ಹೊಲಿಯುವುದು ತಪ್ಪುತ್ತಿತ್ತು. ನೀವು ಮಾಡುವುದಾದರೆ ಮೊದಲ ದಿನವೇ ಕೇರಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಹೊಟ್ಟಿನ ದೂಳು ಗಂಟಲಿಗೆ ಒಳ್ಳೆಯದಲ್ಲ.

ಬೇಳೆ ಬೇಯಲಿಲ್ಲ

ಮೊದಲ ಅಡುಗೆ ಕಿಚಡಿ. ಒಂದು ಲೋಟ ಸೋನಾ ಮಸೂರಿ, ಮುಕ್ಕಾಲು ಲೋಟ ಹೆಸರುಬೇಳೆ, ಏಳು ಲೋಟ ನೀರು, ಅರಿಶಿನ. ಏಳೆಂಟು ನಿಮಿಷ ಕುದಿಸಿ ಟ್ರಂಕಿಗೆ. ಸಂಜೆಗೆ ಬೆಣ್ಣೆಯಂತೆ ಬೆಂದಿತ್ತು. ಸಣ್ಣವ ಬಟ್ಟಲು ನೆಕ್ಕಿದ. ಮಗಳು "ಇದು ಅಂಟು" ಎಂದು ತಟ್ಟೆ ಸರಿಸಿದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನಾಲ್ಕೂವರೆ ಗಂಟೆ ಬಿಸಿನೀರಿನಲ್ಲಿ ಕೂತ ಅಕ್ಕಿ ಮತ್ತೇನಾಗುತ್ತದೆ? ಅಂದಿನಿಂದ ಟ್ರಂಕಿಗೆ ಬೇಳೆ, ಕಾಳು, ಜೋಳದ ನುಚ್ಚು ಮಾತ್ರ ಹೋಗುತ್ತವೆ. ಅನ್ನ ಬೇಕಾದರೆ ಸಂಜೆ ಸಣ್ಣ ಕುಕ್ಕರ್‌ನಲ್ಲಿ ಬೇರೆ.

ಎರಡನೆಯ ವಾರ ತೊಗರಿಬೇಳೆ ಇಟ್ಟೆ. ಸಂಜೆ ಅಂಕಿ 74 ತೋರಿಸುತ್ತಿದೆ, ಬೇಳೆ ಮಾತ್ರ ಕಲ್ಲಿನಂತಿದೆ. ಟ್ರಂಕಿನದೇ ದೋಷ ಎಂದು ಮತ್ತೆರಡು ದಿನ ಅದರ ಹಿಂದೆಯೇ ಬಿದ್ದೆ. ದೋಷ ಇದ್ದದ್ದು ನೀರಿನಲ್ಲಿ. ಅವತ್ತು ನಲ್ಲಿ ನೀರು ಬಂದಿರಲಿಲ್ಲ, ಬೋರಿನ ನೀರು ಹಾಕಿದ್ದೆ. ನಮ್ಮ ಬೋರಿನ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶ ಕಾಳಿನ ಸಿಪ್ಪೆ, ಗೋಡೆಗಳನ್ನು ಹಿಡಿದು ಗಟ್ಟಿ ಮಾಡುತ್ತದೆ. ಕುಕ್ಕರಿನ ಒತ್ತಡದಲ್ಲಿ ಅದು ಹೇಗೋ ಮೆತ್ತಗಾಗುತ್ತದೆ, ಇಲ್ಲಿ ಆಗುವುದಿಲ್ಲ. ಮರುದಿನ ಅದೇ ಬೇಳೆಯನ್ನು ಕುಡಿಯುವ ಕ್ಯಾನ್ ನೀರಿನಲ್ಲಿ ಒಂದು ಗಂಟೆ ನೆನೆಸಿ, ಅದೇ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಇಟ್ಟೆ. ಸೌಟಿನ ಹಿಂಬದಿಯಿಂದ ಒತ್ತಿದರೆ ಕರಗಿತು. ಈಗ ಅಡುಗೆಗೆ ಮೂರು ಲೀಟರ್ ಕ್ಯಾನ್ ನೀರು ತೆಗೆದಿಡುತ್ತೇನೆ. ಹುಣಸೆಹುಳಿ, ಟೊಮೆಟೊ ಕೂಡ ಬೇಳೆಯನ್ನು ಬೇಯಗೊಡುವುದಿಲ್ಲ. ಅವು ಸಂಜೆ ಒಗ್ಗರಣೆಯ ಹೊತ್ತಿಗೆ.

ರಾಜ್ಮಾವನ್ನು ಮಾತ್ರ ಈ ಟ್ರಂಕಿಗೆ ಹಾಕುವುದಿಲ್ಲ. ಅದರಲ್ಲಿ ಹೊಟ್ಟೆ ಕೆಡಿಸುವ ವಿಷದ ಅಂಶವಿದೆ. ನೆನೆಸಿ, ಹೊಸ ನೀರಿನಲ್ಲಿ ಚೆನ್ನಾಗಿ ಕೊತಕೊತ ಕುದಿಸಿದರೆ ಮಾತ್ರ ಹೋಗುತ್ತದೆ. ಅದು ಕುಕ್ಕರಿನದೇ ಕೆಲಸ.

ಈಗ ಸಂಜೆ ಹೇಗೆ ನಡೆಯುತ್ತದೆ

ಆರೂ ಹತ್ತಕ್ಕೆ ಮನೆ. ಕೈಕಾಲು ತೊಳೆದು ಮಗಳು ಅಂಕಿ ಓದುತ್ತಾಳೆ. 60ಕ್ಕಿಂತ ಮೇಲಿದ್ದರೆ ಮುಂದಿನ ಕೆಲಸ. ಕೆಳಗಿದ್ದರೆ ಚೆಲ್ಲುವುದು, ಅದರಲ್ಲಿ ರಾಜಿಯಿಲ್ಲ. ಚೀಲ ಸರಿಮಾಡಿದ ಮೇಲೆ ಹಾಗೆ ಒಂದೇ ಸಲ ಚೆಲ್ಲಿದ್ದೇನೆ. ಅವತ್ತು ಮುಚ್ಚಳದ ಅಂಚಿನಲ್ಲಿ ಟವೆಲ್ ಸಿಕ್ಕಿಕೊಂಡು ಸಂದಿ ಉಳಿದಿತ್ತು.

ಸಣ್ಣವನಿಗೆ ತಕ್ಷಣ ಒಂದು ಬಟ್ಟಲು ಬೇಳೆಕಟ್ಟು ತೆಗೆದು, ತುಪ್ಪ ಹಾಕಿ, ಆರಿಸಿ ಕೊಡುತ್ತೇನೆ. ಬಿಸ್ಕತ್ತಿನ ಜಾಗಕ್ಕೆ ಬಂದದ್ದು ಇದೇ. ಅದನ್ನು ಕುಡಿಯುತ್ತಾ ಅವನು ಅಕ್ಕನ ಪಕ್ಕ ಕೂರುತ್ತಾನೆ. ಅಕ್ಕ ಮೆಂತ್ಯ ಸೋಸುತ್ತಾಳೆ, ಅವನು ಕಡ್ಡಿಗಳನ್ನು ಒಂದು ಡಬ್ಬಿಗೆ ಹಾಕುತ್ತಾನೆ. ಅರ್ಧ ಎಲೆಯೂ ಡಬ್ಬಿಗೇ ಹೋಗುತ್ತದೆ, ಪರವಾಗಿಲ್ಲ. ತಾವು ಸೋಸಿದ ಸೊಪ್ಪನ್ನು ಇಬ್ಬರೂ ತಿನ್ನುತ್ತಾರೆ. ನಾನೇ ಸೋಸಿದ್ದನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದರು.

ಒಲೆ ಉರಿಯುವುದು ಹನ್ನೆರಡು ಹದಿಮೂರು ನಿಮಿಷ. ಬೇಳೆಯನ್ನು ಮತ್ತೊಮ್ಮೆ ಚೆನ್ನಾಗಿ ಕುದಿಸುತ್ತೇನೆ, ಸೊಪ್ಪು ಹಾಕುತ್ತೇನೆ, ಬೆಳ್ಳುಳ್ಳಿ ಜೀರಿಗೆ ಒಗ್ಗರಣೆ ಕೊಡುತ್ತೇನೆ. ಸೊಪ್ಪನ್ನು ಮಧ್ಯಾಹ್ನವೇ ಹಾಕಿದರೆ ಬಣ್ಣವೂ ಹೋಗುತ್ತದೆ, ವಿಟಮಿನ್ ಸಿ ಕೂಡ ಹೋಗುತ್ತದೆ. ಕೊನೆಗೆ, ಒಲೆ ಆರಿಸಿದ ಮೇಲೆ, ನಿಂಬೆಹಣ್ಣು. ಸೊಪ್ಪು ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಅದರ ವಿಟಮಿನ್ ಸಿ ನೆರವಾಗುತ್ತದೆ. ಪುಂಡಿಸೊಪ್ಪಿನ ದಿನ ನಿಂಬೆ ಬೇಡ, ಅದರಲ್ಲೇ ಹುಳಿಯಿದೆ. ಮಕ್ಕಳಿಗೆ ಖಾರ ಇಲ್ಲದೆ ತೆಗೆದಿಟ್ಟು, ಆಮೇಲೆ ನಮ್ಮ ಪಾಲಿಗೆ ಹಸಿಮೆಣಸಿನಕಾಯಿ ಹಾಕುತ್ತೇನೆ.

ಜೋಳದ ನುಚ್ಚಿನ ದಿನ ನನಗೆ ಎಲ್ಲಕ್ಕಿಂತ ಇಷ್ಟ. ಕಾಲುವೆ ಬರುವ ಮುಂಚೆ ನಮ್ಮ ಹಿರಿಯರ ದಿನದ ಊಟ ಜೋಳವೇ. ನುಚ್ಚು ಒಲೆಯ ಮೇಲೆ ಬೇಯಲು ಹೊತ್ತು ಬೇಕು, ತಿರುವುತ್ತಲೇ ಇರಬೇಕು, ಅದಕ್ಕೇ ವಾರದ ದಿನಗಳಲ್ಲಿ ನಮ್ಮ ಮನೆಯಲ್ಲಿ ನಿಂತೇ ಹೋಗಿತ್ತು. ಟ್ರಂಕಿನಲ್ಲಿ ತಿರುವುವ ಮಾತೇ ಇಲ್ಲ. ಬೆಳಗ್ಗೆ ನೆನೆಹಾಕಿದ್ದನ್ನು ಮಧ್ಯಾಹ್ನ ಗಂಟಾಗದಂತೆ ತಿರುವಿ ಹತ್ತು ನಿಮಿಷ ಕುದಿಸಿದರೆ ಸಾಕು. ಸಂಜೆಗೆ ಅರಳಿರುತ್ತದೆ. ಮಜ್ಜಿಗೆ, ಮೇಲೆ ಶೇಂಗಾ ಪುಡಿ. ಇಡೀ ಶೇಂಗಾ ಸಣ್ಣವನಿಗೆ ಕೊಡುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಪುಡಿಯಾದರೆ ಒಳ್ಳೆಯದು. ಜೋಳ, ಅಕ್ಕಿಯಲ್ಲಿ ಕಡಿಮೆಯಿರುವ ಪ್ರೋಟೀನಿನ ಭಾಗವನ್ನು ಬೇಳೆ, ಮಜ್ಜಿಗೆ ತುಂಬಿಕೊಡುತ್ತವೆ. ಅಜ್ಜಿಯಂದಿರು ನುಚ್ಚಿನ ಜೊತೆ ಮಜ್ಜಿಗೆ, ರೊಟ್ಟಿಯ ಜೊತೆ ಬೇಳೆ ಇಟ್ಟದ್ದು ಎಷ್ಟು ಸರಿಯಾಗಿತ್ತು ನೋಡಿ.

ಏನೂ ಆಗದ ದಿನಕ್ಕೆ ಖಡಕ್ ರೊಟ್ಟಿ ಇದ್ದೇ ಇರುತ್ತದೆ. ರೊಟ್ಟಿ ಮಾಡಿ ಮಾರುವ ಅಕ್ಕನವರ ಹತ್ತಿರ ತಿಂಗಳಿಗೊಮ್ಮೆ ತರುತ್ತೇನೆ. ಬಿಸಿ ಬೇಳೆಯಲ್ಲಿ ಮುರಿದು ಹಾಕಿ ಐದು ನಿಮಿಷ ಬಿಟ್ಟರೆ ಎರಡೂವರೆ ವರ್ಷದವನೂ ತಿನ್ನುವಷ್ಟು ಮೆತ್ತಗಾಗುತ್ತದೆ. ಜೊತೆಗೊಂದು ಬೇಯಿಸಿದ ಮೊಟ್ಟೆ.

ಆರೂ ಮುಕ್ಕಾಲಿಗೆ ಮಕ್ಕಳ ಊಟ ಶುರು. ಹೆಂಡತಿ ಬರುವಾಗ ಇಬ್ಬರ ಹೊಟ್ಟೆ ತುಂಬಿ, ಬಾಗಿಲಲ್ಲಿ ಅವಳಿಗಾಗಿ ಕಾಯುತ್ತಿರುತ್ತಾರೆ. ಅವಳು ಅವರ ಜೊತೆ ಕೂತು ಮಾತಾಡುತ್ತಾಳೆ. ಮೊದಲು ಬ್ಯಾಗು ಇಟ್ಟು ನೇರ ಒಲೆಯ ಮುಂದೆ ನಿಲ್ಲುತ್ತಿದ್ದಳು.

ಬಾಕಿ ಇರುವ ಕೆಲಸ ಎರಡು. ಟ್ರಂಕಿನ ಬಲಗಡೆಯ ಕೀಲು ಸಡಿಲಾಗಿದೆ, ರಿವೆಟ್ ಹೊಡೆಯಬೇಕು. ಮಳೆಗಾಲಕ್ಕೆ ಮುಂಚೆ ಚೀಲಗಳನ್ನೆಲ್ಲ ಇನ್ನೊಮ್ಮೆ ಬಿಸಿಲಿಗೆ ಹಾಕಬೇಕು. ಅವ್ವ ತನ್ನ ಮನೆಗೂ ಒಂದು ಬೇಕು ಎಂದಿದ್ದಾಳೆ, ಹಾಲು ಹೆಪ್ಪು ಹಾಕಲು. ಚಳಿಗಾಲದಲ್ಲಿ ಅವಳ ಮೊಸರು ಕೂರುವುದಿಲ್ಲ. ಅದಕ್ಕೆ ಇಷ್ಟು ದೊಡ್ಡದು ಬೇಡ. ಅಂಗಡಿಯಲ್ಲಿ ಮರದ ಪೆಟ್ಟಿಗೆಯೊಂದಿದೆ, ನಾಳೆ ಅದನ್ನು ಒರೆಸಿ ಅಳತೆ ಹಿಡಿಯುತ್ತೇನೆ.